ಕುತ್ತಿಗೆ ಉದ್ದವಾದ ಆಫ್ರಿಕನ್ ವಯೊಲೆಟ್

ಬೀದರಿನ ಚಿದ್ರಿಯಲ್ಲಿ ಕಿಟಕಿ ಪಕ್ಕ ಆಫ್ರಿಕನ್ ವಯೊಲೆಟ್ ಬೆಳೆಸುವವರು ಮೊದಲು ಹವೆ ನೋಡಬೇಕು. ತಾಂಜಾನಿಯಾದ ಉಸಾಂಬರಾ ಬೆಟ್ಟಗಳ ನೆರಳಿನಿಂದ ಬಂದ ಈ ಗಿಡಕ್ಕೆ 18ರಿಂದ 26 ಡಿಗ್ರಿ ಹಿತ. ಬೀದರಿನ ಮೇ ತಿಂಗಳು 40ರ ಆಸುಪಾಸಿಗೆ ಹೋಗುತ್ತದೆ. ಕುಂಡ ಬದಲಿಸುವ ಕೆಲಸ ಮಳೆಗಾಲಕ್ಕೇ ಇರಲಿ.

ಕೆಳಗಿನ ಎಲೆ ಉದುರಿ ಕಾಂಡ ಉದ್ದ ಕುತ್ತಿಗೆಯಂತೆ ಬೋಳಾಗಿ ಬಾಗಿದೆಯೆಂದು ಗಿಡ ಎಸೆಯುವುದು ಬೇಡವೇ ಬೇಡ. ಬಾಡಿದ ಎಲೆಗಳನ್ನು ತೊಟ್ಟುಸಮೇತ ಮುರಿದು, ಕಾಂಡದ ಕಂದು ಸಿಪ್ಪೆಯನ್ನು ಚಾಕುವಿನಿಂದ ಮೆಲ್ಲಗೆ ಕೆರೆಯಬೇಕು. ಬೇರಿನ ಮುದ್ದೆಯ ತಳವನ್ನು ಬೋಳು ಕಾಂಡದಷ್ಟೇ ಉದ್ದ ಕತ್ತರಿಸಿ, ಎಲೆಗಳು ಕುಂಡದ ಅಂಚಿಗೆ ಬರುವಂತೆ ಇಳಿಸಿ ನೆಟ್ಟರೆ ಕೆರೆದಲ್ಲೇ ಹೊಸ ಬೇರು ಒಡೆಯುತ್ತದೆ. ಊರಿನ ಕೆಂಪು ಮಣ್ಣೊಂದನ್ನೇ ತುಂಬಿದರೆ ಗಟ್ಟಿಯಾಗುತ್ತದೆ. ಕೊಕೊಪೀಟ್, ಪರ್ಲೈಟ್ ಬೆರೆತ ಹಗುರ ಮಿಶ್ರಣ ಒಳ್ಳೆಯದು.

ಹೊಸ ಗಿಡ ಬೇಕಿದ್ದರೆ, ಗಟ್ಟಿ ಎಲೆಯೊಂದರ ತೊಟ್ಟನ್ನು ಒಂದಂಗುಲ ಬಿಟ್ಟು ಓರೆಯಾಗಿ ಕತ್ತರಿಸಿ ಊರಿದರೆ, ಎರಡು-ಮೂರು ತಿಂಗಳಲ್ಲಿ ಬುಡದಲ್ಲಿ ಮರಿಗಳು ಕಾಣುತ್ತವೆ.