ಯಮರಾಜ ಕೇಳುವ ಐದು ಪ್ರಶ್ನೆ



ಇಂದಿನ ಓದು: ಮಜ್ಝಿಮ ನಿಕಾಯದ 130ನೇ ಸುತ್ತ, ದೇವದೂತ ಸುತ್ತ.

ನಮ್ಮ ತಂದೆ ತೀರಿಕೊಂಡ ಮೂರನೇ ದಿನ ಸೋದರತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಮಗಾ, ಸಂಗಮದಲ್ಲಿ ಒಂದ್ ಪಿಂಡ ಬುಟ್ಬುಡು" ಎಂದರು. ಸೋಸಲೆಯಿಂದ ತಿರುಮಕೂಡಲು ಹತ್ತಿರವೇ, ಕಾವೇರಿ ಕಪಿಲೆ ಸೇರುವ ಜಾಗ. ಶ್ರಾದ್ಧ, ಪಿಂಡ ಎರಡೂ ಬೇಡವೆಂದು ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ 22 ಪ್ರತಿಜ್ಞೆ ಕೊಟ್ಟಾಗಲೇ ಹೇಳಿದ್ದಾರೆ, ಅತ್ತೆ ಎಂದೆ. "ಅದು ಇಲ್ಲಿಗಾಯ್ತು. ಅಲ್ಲಿ ಕೇಳೋನು ಯಮ ಅಲ್ವಾ?" ಎಂದು ಕಣ್ಣೊರೆಸಿಕೊಂಡರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಈ ಸುತ್ತ ಓದಿದೆ.

ಯಮ ಚರಿತ್ರೆಯ ದೊರೆಯಲ್ಲ, ಕತೆಯ ದೊರೆ. ಅವನ ರಾಜ್ಯವೂ ಕತೆಯದೇ. ಸುತ್ತದಲ್ಲಿ ಬರುವ ನರಕದ ವರ್ಣನೆಯನ್ನು ನಾನು ಮಕ್ಕಳಿಗೆ ಓದಿ ಹೇಳುವುದಿಲ್ಲ. ಬುದ್ಧರ ಮಾತು ಯಾವುದು ಎಂದು ಅಳೆಯಲು ವಿಚಾರ, ತರ್ಕ ಮತ್ತು ಮನುಷ್ಯನ ಹಿತ ಇವನ್ನೇ ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅಳತೆಗೋಲು ಮಾಡಿಕೊಟ್ಟಿದ್ದಾರೆ. ಹಾಗೆ ಅಳೆದರೂ ಈ ಕತೆಯಲ್ಲಿ ಉಳಿಯುವುದು ಬಹಳ ಇದೆ.

ಒಬ್ಬನನ್ನು ಭಟರು ಹಿಡಿದು ತರುತ್ತಾರೆ. ತಂದೆತಾಯಿಯೊಡನೆ ಸರಿಯಾಗಿ ನಡೆದುಕೊಳ್ಳಲಿಲ್ಲ, ಹಿರಿಯರನ್ನು ಗೌರವಿಸಲಿಲ್ಲ ಎಂಬ ದೂರೂ ಅವನ ಮೇಲಿದೆ. ಯಮ ಅವನ ಜಾತಿ ಕೇಳುವುದಿಲ್ಲ. ಪಿಂಡ ಬಿಟ್ಟರೋ ಇಲ್ಲವೋ ಅದೂ ಬೇಕಿಲ್ಲ. ಕೇಳುವುದು ಐದು ದೂತರ ಬಗ್ಗೆ. ತನ್ನದೇ ಹೊಲಸಿನಲ್ಲಿ ಮಲಗಿದ ಎಳೆಗೂಸನ್ನು ನೋಡಲಿಲ್ಲವೇ? ಕೋಲೂರಿ ನಡುಗುವ ಮುದುಕರನ್ನು? ಎದ್ದು ಕೂರಲೂ ಬೇರೆಯವರ ಕೈ ಬೇಕಾದ ರೋಗಿಯನ್ನು? ರಾಜಭಟರು ಹಿಂಸಿಸುವ ಕಳ್ಳನನ್ನು? ಹೆಣವನ್ನು? ಮೊದಲು ನೋಡಲಿಲ್ಲ ಎಂದವನು, ಬಿಡಿಸಿ ಕೇಳಿದಾಗ ನೋಡಿದ್ದೆ, ಯೋಚಿಸಲಿಲ್ಲ ಎನ್ನುತ್ತಾನೆ.

ಮೂರನೇ ಪ್ರಶ್ನೆಗೆ ನಾನು ಓದುವುದನ್ನು ನಿಲ್ಲಿಸಿದೆ. ಅಪ್ಪ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಮಗ್ಗುಲು ತಿರುಗಿಸಿ ಬಟ್ಟೆ ಬದಲಿಸಿದ್ದೆಲ್ಲ ತಮ್ಮನ ಹೆಂಡತಿ. ನಾನು ಭಾನುವಾರ ಹಣ್ಣು ತಂದು ಹೋಗುತ್ತಿದ್ದವನು.

ಯಮನ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಈ ತಪ್ಪು ನಿನ್ನ ತಾಯಿ, ತಂದೆ, ಅಣ್ಣ, ತಂಗಿ, ನಂಟರು ಮಾಡಿದ್ದಲ್ಲ. ಸಮಣ, ಬ್ರಾಹ್ಮಣ, ದೇವತೆಗಳು ಮಾಡಿದ್ದೂ ಅಲ್ಲ. ನೀನೇ ಮಾಡಿದ್ದು, ನೀನೇ ಉಣ್ಣಬೇಕು. ಸಂಗಮದ ದಡದಲ್ಲಿ ಕೂತು ದುಡ್ಡಿಗೆ ಮಂತ್ರ ಹೇಳುವವರಿಗೆ ಇಲ್ಲಿ ಕೆಲಸವೇ ಇಲ್ಲ.

ಅಶೋಕನ ಕಾಲದಲ್ಲಿ ಮಹಾದೇವ ಥೇರರು ಮಹಿಷಮಂಡಲಕ್ಕೆ ಬಂದು ಜನರಿಗೆ ಹೇಳಿದ್ದು ಇದೇ ಸುತ್ತ ಎನ್ನುತ್ತದೆ ಮಹಾವಂಸ. ಮಹಿಷಮಂಡಲ ನಮ್ಮ ಮೈಸೂರು ಸೀಮೆ ಎಂದು ಕೆಲವು ವಿದ್ವಾಂಸರು, ನರ್ಮದೆಯ ಕಡೆಯದು ಎಂದು ಇನ್ನು ಕೆಲವರು. ನನಗೆ ಮೊದಲನೆಯದೇ ಇರಲಿ ಎನಿಸುತ್ತದೆ. ಆದರೆ ಆಸೆ ಪುರಾವೆಯಾಗುವುದಿಲ್ಲ.

ಕೊನೆಯಲ್ಲಿ ಆ ದೊರೆಯೇ ಹಂಬಲಿಸುತ್ತಾನೆ: ನಾನೂ ಮನುಷ್ಯನಾಗಿ ಹುಟ್ಟುವಂತಾಗಲಿ, ಬುದ್ಧರ ಬಳಿ ಕೂತು ಧಮ್ಮ ಕೇಳುವಂತಾಗಲಿ, ಅರ್ಥವಾಗಲಿ ಎಂದು. ಅತ್ತೆಗೆ ಈ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಅವನೂ ಕಾಯ್ತಾ ಕೂತವ್ನೆ ಅನ್ನು" ಎಂದರು. ಪಿಂಡದ ಮಾತು ಪೂರ್ತಿ ಬಿಟ್ಟಿಲ್ಲ. ಈ ಭಾನುವಾರ ವಂದನೆಗೆ ಬರುತ್ತೇನೆ ಎಂದಿದ್ದಾರೆ.

ಜೈ ಭೀಮ್.