ಮೌನ ಕಣಿವೆಯ ಪುಟ್ಟ ಜೀವಿಗಳು

ಮಕ್ಕಳೇ, ಸಂಜೆಯ ಹೊತ್ತಿಗೆ ಅಂಗಳದಲ್ಲಿ ನಿಂತು ಕಿವಿಗೊಟ್ಟಿದ್ದೀರಾ? ಹಿತ್ತಿಲಿನ ಮರಗಳಿಂದ, ಗುಡ್ಡೆಯ ಪೊದೆಗಳಿಂದ ‘ಜೀ...’ ಎಂಬ ಸದ್ದು ಬಿಡದೆ ಕೇಳಿಬರುತ್ತದೆ. ಅದು ಜೀರುಂಡೆಯ ಹಾಡು. ನಿಮ್ಮ ಮಲೆಯಾಳಿ ಗೆಳೆಯರು ಅದನ್ನು ‘ಚೀವೀಡು’ ಎನ್ನುತ್ತಾರೆ. ಹೀಗೆ ಹಾಡುವುದು ಗಂಡು ಜೀರುಂಡೆ ಮಾತ್ರ. ಅದರ ಹೊಟ್ಟೆಯ ಎರಡು ಬದಿಗಳಲ್ಲಿ ತಮಟೆಯಂತಹ ತೆಳುವಾದ ಪೊರೆಗಳಿವೆ. ಅವು ಅದುರಿದಾಗ ಈ ಸದ್ದು ಹೊರಡುತ್ತದೆ.

ಜೀರುಂಡೆಯೇ ಇಲ್ಲದ ಕಾಡೊಂದು ಇದೆ ಎಂದು ಯಾರಾದರೂ ಹೇಳಿದರೆ ನೀವು ನಂಬುತ್ತೀರಾ? ಬನ್ನಿ, ಅಂಥ ಹೆಸರು ಪಡೆದ ಕಾಡಿಗೆ ಹೋಗಿ ಬರೋಣ.

ಹೆಸರಿನ ಕಥೆ

ನಮ್ಮ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ, ನೀಲಗಿರಿ ಬೆಟ್ಟಗಳ ಮಗ್ಗುಲಲ್ಲಿ ‘ಸೈಲೆಂಟ್ ವ್ಯಾಲಿ’ ಇದೆ. ಕನ್ನಡದಲ್ಲಿ ‘ಮೌನ ಕಣಿವೆ’ ಎನ್ನಬಹುದು. ಇದನ್ನು ನೋಡಿದ ಇಂಗ್ಲಿಷರಿಗೆ ಇಲ್ಲಿ ಜೀರುಂಡೆಯ ಸದ್ದು ಕೇಳಿಸಲಿಲ್ಲ, ಅದಕ್ಕಾಗಿ ಈ ಹೆಸರು ಬಂತು ಎಂದು ಹೇಳುತ್ತಾರೆ. ಊರವರು ಕರೆಯುವ ಹೆಸರು ಸೈರಂಧ್ರಿ ವನ. ಪಾಂಡವರ ಅಜ್ಞಾತವಾಸದಲ್ಲಿ ದ್ರೌಪದಿ ಇಟ್ಟುಕೊಂಡ ಹೆಸರು ಸೈರಂಧ್ರಿ ಅಲ್ಲವೇ? ಕಾಡಿನ ನಡುವೆ ಹರಿಯುವ ಹೊಳೆಯ ಹೆಸರು ಕುಂತಿಪ್ಪುಳ, ಅಂದರೆ ಕುಂತಿಯ ಹೊಳೆ. ‘ಸೈರಂಧ್ರಿ’ಯೇ ಇಂಗ್ಲಿಷರ ಬಾಯಲ್ಲಿ ‘ಸೈಲೆಂಟ್’ ಆಯಿತು ಎನ್ನುವವರೂ ಇದ್ದಾರೆ.

ಇಂದು ಮುಕ್ಕಾಲಿ ಎಂಬಲ್ಲಿಂದ ಅರಣ್ಯ ಇಲಾಖೆಯ ಜೀಪಿನಲ್ಲಿ 23 ಕಿಲೋಮೀಟರ್ ಒಳಗೆ ಸಾಗಿದರೆ ಸೈರಂಧ್ರಿ ಸಿಗುತ್ತದೆ. ಅಲ್ಲಿ ಸುಮ್ಮನೆ ನಿಂತು ಆಲಿಸಿರಿ. ಜೀರುಂಡೆ ಹಾಡುತ್ತದೆ! ಹಕ್ಕಿ ಕೂಗುತ್ತದೆ, ನೊಣ ಗುಂಯ್‌ಗುಡುತ್ತದೆ, ಹೊಳೆ ಮೊರೆಯುತ್ತದೆ. ಹೆಸರು ಮೌನ ಕಣಿವೆಯಾದರೂ ಅದು ಜೀವಗಳಿಂದ ತುಂಬಿದ ಕಣಿವೆ.

ನಾಲ್ಕು ಮಹಡಿಯ ಮನೆ

ವರ್ಷಕ್ಕೆ 3000 ಮಿಲ್ಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಈ ಕಾಡು ವರ್ಷವಿಡೀ ಹಸಿರಾಗಿರುತ್ತದೆ. ಆದ್ದರಿಂದ ಇದನ್ನು ಮಳೆಕಾಡು, ನಿತ್ಯಹರಿದ್ವರ್ಣದ ಕಾಡು ಎಂದು ಕರೆಯುತ್ತಾರೆ. ಇದೊಂದು ನಾಲ್ಕು ಮಹಡಿಯ ಮನೆಯಂತೆ. ಎಲ್ಲಕ್ಕಿಂತ ಮೇಲೆ ತಲೆಯೆತ್ತಿದ ದೈತ್ಯ ಮರಗಳು. ಅವುಗಳ ಕೆಳಗೆ ಒಂದಕ್ಕೊಂದು ಕೈ ಹಿಡಿದಂತೆ ಹಬ್ಬಿದ ಕೊಂಬೆಗಳ ಚಪ್ಪರ. ಅದರ ಕೆಳಗೆ ಸಣ್ಣ ಮರಗಳು, ಬಳ್ಳಿಗಳು. ಕೊನೆಗೆ ತರಗೆಲೆ ಹಾಸಿದ ನೆಲ. ಚಪ್ಪರದ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುತ್ತದೆ.

ಒಂದೊಂದು ಮಹಡಿಯ ಬೆಳಕು, ತೇವ, ಗಾಳಿ ಬೇರೆ ಬೇರೆ. ಆದ್ದರಿಂದ ಅಲ್ಲಿನ ವಾಸಿಗಳೂ ಬೇರೆ ಬೇರೆ. ಇಲ್ಲಿ ಸುಮಾರು ಒಂದು ಸಾವಿರ ಜಾತಿಯ ಹೂಬಿಡುವ ಸಸ್ಯಗಳನ್ನೂ ನೂರಕ್ಕಿಂತ ಹೆಚ್ಚು ಜಾತಿಯ ಚಿಟ್ಟೆಗಳನ್ನೂ ಸುಮಾರು 400 ಜಾತಿಯ ಪತಂಗಗಳನ್ನೂ ಗುರುತಿಸಿದ್ದಾರೆ.

ಇಲ್ಲಿಯ ಒಂದು ಮುಖ್ಯ ಮರ ‘ವೆಡಿಪ್ಲಾವು’. ವೆಡಿ ಎಂದರೆ ಬೆಡಿ, ಪ್ಲಾವು ಎಂದರೆ ಹಲಸಿನ ಮರ. ಇದರ ಕಾಯಿಯ ಮೈತುಂಬ ಮುಳ್ಳು. ಬಲಿತಾಗ ಅದು ಒಡೆದು ಬೀಜಗಳು ಕಾಣಿಸುತ್ತವೆ. ಪಶ್ಚಿಮ ಘಟ್ಟದಲ್ಲಲ್ಲದೆ ಬೇರೆಲ್ಲೂ ಇಲ್ಲದ ಸಿಂಗಳೀಕಕ್ಕೆ ಈ ಮರದ ಹೂವು, ಬೀಜಗಳೆಂದರೆ ಬಹಳ ಇಷ್ಟ. ಸಿಂಗಳೀಕ ಹುಳಹುಪ್ಪಟೆಗಳನ್ನೂ ಹುಡುಕಿ ತಿನ್ನುತ್ತದೆ.

ಗಿಡಕ್ಕೊಂದು ಹುಳ, ಹುಳಕ್ಕೊಂದು ಗಿಡ

ಅತ್ತಿಹಣ್ಣನ್ನು ನೀವು ಬಿಡಿಸಿ ನೋಡಿರಬಹುದು. ಒಳಗೆ ಸಣ್ಣ ಹುಳಗಳನ್ನು ಕಂಡು ‘ಛೀ’ ಎಂದು ಎಸೆದಿರಲೂಬಹುದು. ಇನ್ನೊಮ್ಮೆ ಎಸೆಯುವ ಮೊದಲು ಈ ಕಥೆಯನ್ನು ನೆನಪಿಸಿಕೊಳ್ಳಿರಿ.

ಅತ್ತಿಯ ಹೂವು ಹೊರಗೆ ಕಾಣಿಸುವುದಿಲ್ಲ. ನಾವು ಕಾಯಿ ಎಂದುಕೊಂಡದ್ದರ ಒಳಗೇ ನೂರಾರು ಪುಟ್ಟ ಹೂಗಳು ಅಡಗಿವೆ. ಅಲ್ಲಿಗೆ ದುಂಬಿ ಹೋಗಲಾರದು, ಚಿಟ್ಟೆಯೂ ಹೋಗಲಾರದು. ಸೊಳ್ಳೆಗಿಂತಲೂ ಚಿಕ್ಕದಾದ ಒಂದು ಕಣಜ ಮಾತ್ರ ತುದಿಯಲ್ಲಿರುವ ಇಕ್ಕಟ್ಟಾದ ತೂತಿನಿಂದ ನುಸುಳುತ್ತದೆ. ನುಸುಳುವಾಗ ಅದರ ರೆಕ್ಕೆ ಮುರಿದುಹೋಗುತ್ತದೆ. ಒಳಗೆ ಹೋದ ಹೆಣ್ಣು ಕಣಜ ತಾನು ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸುತ್ತದೆ, ಕೆಲವು ಹೂಗಳಲ್ಲಿ ಮೊಟ್ಟೆಯಿಡುತ್ತದೆ, ಅಲ್ಲೇ ಸಾಯುತ್ತದೆ. ಮೊಟ್ಟೆಯಿಂದ ಬೆಳೆದ ಗಂಡು ಕಣಜಗಳಿಗೆ ರೆಕ್ಕೆಯೇ ಇಲ್ಲ. ಅವು ಕಾಯಿಯ ಗೋಡೆಯನ್ನು ಕೊರೆದು ದಾರಿ ಮಾಡಿಕೊಡುತ್ತವೆ. ಆ ದಾರಿಯಲ್ಲಿ ಹೆಣ್ಣು ಕಣಜಗಳು ಹೊಸ ಪರಾಗವನ್ನು ಹೊತ್ತು ಹಾರಿ, ಇನ್ನೊಂದು ಅತ್ತಿಯ ಮರವನ್ನು ಹುಡುಕುತ್ತವೆ.

ಅತ್ತಿ, ಆಲ, ಗೋಳಿ ಇವೆಲ್ಲ ಒಂದೇ ಕುಟುಂಬದ ಮರಗಳು. ಒಂದೊಂದಕ್ಕೂ ಸಾಮಾನ್ಯವಾಗಿ ಅದರದ್ದೇ ಆದ ಕಣಜವಿದೆ. ಆ ಕಣಜ ಅಳಿದರೆ ಆ ಮರಕ್ಕೆ ಬೀಜವಿಲ್ಲ. ಮರ ಅಳಿದರೆ ಕಣಜಕ್ಕೆ ಮನೆಯಿಲ್ಲ. ಇಬ್ಬರೂ ಇಲ್ಲವಾದರೆ ಆ ಹಣ್ಣನ್ನು ನಂಬಿದ ಮಂಗಟ್ಟೆ ಹಕ್ಕಿ, ಕೋತಿ, ಬಾವಲಿಗಳು ಹಸಿದಿರಬೇಕು. ಸೊಳ್ಳೆಗಿಂತ ಚಿಕ್ಕ ಹುಳದ ಮೇಲೆ ಎಷ್ಟು ದೊಡ್ಡ ಭಾರ, ನೋಡಿದಿರಾ?

ದಕ್ಷಿಣ ಭಾರತದ ಅತಿ ದೊಡ್ಡ ಚಿಟ್ಟೆಯನ್ನು ಮಲೆಯಾಳದಲ್ಲಿ ‘ಗರುಡಶಲಭ’ ಎನ್ನುತ್ತಾರೆ. ಕರ್ನಾಟಕ ತನ್ನ ರಾಜ್ಯಚಿಟ್ಟೆಯಾಗಿ ಆರಿಸಿಕೊಂಡದ್ದು ಇದನ್ನೇ. ಇದರ ಮರಿಹುಳ ಈಶ್ವರಬಳ್ಳಿಯ ಎಲೆಯನ್ನು ತಿಂದು ಬೆಳೆಯುತ್ತದೆ. ಆ ಬಳ್ಳಿಯಲ್ಲಿ ವಿಷವಿದೆ. ಮರಿಹುಳಕ್ಕೆ ವಿಷ ತಗಲುವುದಿಲ್ಲ, ಬದಲಿಗೆ ಅದರ ಮೈಯಲ್ಲಿ ಉಳಿದು ಹಕ್ಕಿಗಳಿಂದ ಕಾಪಾಡುತ್ತದೆ. ಕೇರಳದ ರಾಜ್ಯಚಿಟ್ಟೆ ‘ಬುದ್ಧಮಯೂರಿ’. 2018ರಲ್ಲಿ ಅದಕ್ಕೆ ಈ ಸ್ಥಾನ ಸಿಕ್ಕಿತು. ಅದು ಮೊಟ್ಟೆಯಿಡುವುದು ಮೈಯೆಲ್ಲ ಮುಳ್ಳಿರುವ ಜುಮ್ಮನ ಮರದ ಎಲೆಯ ಮೇಲೆ. ನಿಮ್ಮ ಮನೆಯಲ್ಲಿ ಮೀನಿನ ಸಾರಿಗೆ ಜುಮ್ಮನಕಾಯಿ ಹಾಕುತ್ತಾರೆಯೇ? ಹಾಗಾದರೆ ಆ ಮರದ ಪರಿಚಯ ನಿಮಗಿದೆ!

ಪಶ್ಚಿಮ ಘಟ್ಟದಲ್ಲಿ ಹಂಬೋಲ್ಟಿಯ ಎಂಬ ಸಣ್ಣ ಮರವಿದೆ. ಅದರ ಕೆಲವು ಕೊಂಬೆಗಳ ಗೆಣ್ಣುಗಳ ನಡುವೆ ಟೊಳ್ಳು, ಟೊಳ್ಳಿಗೆ ಒಂದು ಬಾಗಿಲು. ಇರುವೆಗಳಿಗೆ ಬಾಡಿಗೆಯಿಲ್ಲದ ಮನೆ! ಎಲೆಗಳಿಂದ ಒಸರುವ ಸಿಹಿರಸವೂ ಸಿಗುತ್ತದೆ. ಇರುವೆಗಳು ಒಳಗೆ ಬಿಟ್ಟ ಕಸದಿಂದ ಮರ ಪೋಷಕಾಂಶವನ್ನು ಹೀರಿಕೊಳ್ಳುತ್ತದೆ ಎಂದು ಬೆಂಗಳೂರಿನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಯೋಚಿಸಿರಿ: ನಿಮ್ಮ ಊರಿನಲ್ಲಿ ಒಬ್ಬರನ್ನೊಬ್ಬರು ನಂಬಿ ಬದುಕುವ ಗಿಡ ಮತ್ತು ಹುಳ ಯಾವುವು?

ಇಷ್ಟೊಂದು ಬಗೆ ಏಕೆ?

ಒಂದು ಅಡಿಕೆ ತೋಟದಲ್ಲಿ ನಿಂತು ನೋಡಿದರೆ ಕಣ್ಣು ಹರಿದಷ್ಟೂ ಅಡಿಕೆ ಮರ. ಮಳೆಕಾಡಿನಲ್ಲಿ ಹಾಗಲ್ಲ. ಒಂದು ಮರದ ಪಕ್ಕದಲ್ಲಿ ಅದೇ ಜಾತಿಯ ಇನ್ನೊಂದು ಮರ ಸಿಗುವುದು ಕಷ್ಟ. ಏಕೆಂದು ಗೊತ್ತೇ?

ತಾಯಿಮರದ ಬುಡದಲ್ಲಿ ಬೀಜಗಳು ರಾಶಿರಾಶಿ ಬೀಳುತ್ತವೆ. ಅದೇ ಬೀಜವನ್ನೂ ಅದೇ ಮೊಳಕೆಯನ್ನೂ ತಿನ್ನುವ ಹುಳಗಳು ಅಲ್ಲೇ ಇರುತ್ತವೆ. ಅವು ಹೆಚ್ಚಿನವನ್ನು ತಿಂದು ಮುಗಿಸುತ್ತವೆ. ಹಕ್ಕಿಯೋ ಕೋತಿಯೋ ದೂರಕ್ಕೆ ಒಯ್ದ ಬೀಜಕ್ಕೆ ಆ ಹುಳಗಳ ಕಾಟ ಕಡಿಮೆ. ಅದು ಅಲ್ಲಿ ಮರವಾಗುತ್ತದೆ. ತಾಯಿಮರದ ಬಳಿ ಖಾಲಿಯಾದ ಜಾಗದಲ್ಲಿ ಬೇರೆ ಜಾತಿಯ ಗಿಡ ಬೆಳೆಯುತ್ತದೆ. ಹೀಗೆ ಯಾವ ಮರವೂ ಕಾಡನ್ನೆಲ್ಲ ತಾನೇ ಆಕ್ರಮಿಸದಂತೆ ಹುಳಗಳು ನೋಡಿಕೊಳ್ಳುತ್ತವೆ. ಎಲೆ ತಿನ್ನುವ, ಬೀಜ ಕೊರೆಯುವ ಹುಳವೂ ಕಾಡಿನ ಶತ್ರುವಲ್ಲ.

ಇನ್ನು ಕೆಲವು ಹುಳಗಳದು ವೇಷದ ಬದುಕು. ಒಂದು ಚಿಟ್ಟೆ ರೆಕ್ಕೆ ಮುಚ್ಚಿ ಕುಳಿತರೆ ನರವೂ ತೊಟ್ಟೂ ಇರುವ ಒಣಗಿದ ಎಲೆಯೇ ಸರಿ. ರೆಕ್ಕೆ ಬಿಚ್ಚಿದರೆ ನೀಲಿ ಬಣ್ಣ ಮಿಂಚುತ್ತದೆ. ಕಡ್ಡಿಹುಳ ಕದಲದೆ ನಿಂತರೆ ಕಡ್ಡಿಯೇ. ಅಟ್ಲಾಸ್ ಪತಂಗ ರೆಕ್ಕೆ ಹರಡಿದರೆ ಸುಮಾರು 25 ಸೆಂಟಿಮೀಟರ್, ನಿಮ್ಮ ಅಳತೆಪಟ್ಟಿಯೂ ಸಾಲದೆ ಹೋಗಬಹುದು! ಆದರೆ ಪತಂಗವಾದ ಮೇಲೆ ಅದು ಏನನ್ನೂ ಉಣ್ಣುವುದಿಲ್ಲ. ಮರಿಹುಳವಾಗಿದ್ದಾಗ ಕೂಡಿಟ್ಟ ಕೊಬ್ಬಿನಿಂದಲೇ ಒಂದೆರಡು ವಾರ ಬದುಕುತ್ತದೆ.

ನೆಲದಲ್ಲಿ ಗೆದ್ದಲು ಬಿದ್ದ ಮರವನ್ನು ಮಣ್ಣಾಗಿಸುತ್ತದೆ. ಸಗಣಿಹುಳ ಆನೆಯ ಲದ್ದಿಯನ್ನು ಮಣ್ಣಿನೊಳಗೆ ಸೇರಿಸುತ್ತದೆ. ಇವುಗಳ ದುಡಿಮೆಯಿಲ್ಲದಿದ್ದರೆ ಕಾಡು ತನ್ನದೇ ಕಸದಲ್ಲಿ ಹೂತುಹೋಗುತ್ತಿತ್ತು.

ಮುಳುಗದೆ ಉಳಿದ ಕಾಡು

ಮಕ್ಕಳೇ, ಈ ಕಾಡು ಒಮ್ಮೆ ನೀರಿನಲ್ಲಿ ಮುಳುಗಬೇಕಿತ್ತು. ಕುಂತಿಪ್ಪುಳಕ್ಕೆ ಅಣೆಕಟ್ಟು ಕಟ್ಟಿ ವಿದ್ಯುತ್ತು ಉತ್ಪಾದಿಸುವ ಯೋಜನೆಗೆ 1973ರಲ್ಲಿ ಒಪ್ಪಿಗೆ ದೊರೆಯಿತು. ಸುಮಾರು 830 ಹೆಕ್ಟೇರ್ ಕಾಡು ಮುಳುಗಡೆಯಾಗುವುದಿತ್ತು. ವಿದ್ಯುತ್ತು ಬೇಕು, ಅದು ನಿಜ. ಮನೆಗಳಿಗೆ ದೀಪ ಬೇಕು, ದುಡಿಯುವವರಿಗೆ ಕೆಲಸ ಬೇಕು ಎಂದವರ ಮಾತೂ ಸುಳ್ಳಲ್ಲ. ಆದರೆ ಮುಳುಗಿದ ಕಾಡನ್ನು ಮತ್ತೆ ಮಾಡಲು ಯಾರಿಂದ ಸಾಧ್ಯ?

ಈ ಪ್ರಶ್ನೆಯನ್ನು ಕೇಳಿದವರಲ್ಲಿ ಶಾಲಾ ಅಧ್ಯಾಪಕರಿದ್ದರು, ವಿದ್ಯಾರ್ಥಿಗಳಿದ್ದರು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಊರೂರಿಗೆ ಹೋಗಿ ಜನರಿಗೆ ವಿಷಯ ತಿಳಿಸಿತು. ಸಸ್ಯವಿಜ್ಞಾನದ ಅಧ್ಯಾಪಕ ಎಂ. ಕೆ. ಪ್ರಸಾದ್ ಲೇಖನ ಬರೆದರು. ಕವಯಿತ್ರಿ ಸುಗತಕುಮಾರಿ ಕವಿತೆ ಬರೆದರು. ಪಕ್ಷಿವಿಜ್ಞಾನಿ ಸಲೀಂ ಅಲಿಯವರೂ ದನಿಗೂಡಿಸಿದರು. ವರ್ಷಗಳ ಕಾಲ ವಾದ ನಡೆಯಿತು. ಕೊನೆಗೆ 1983ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. 1984ರಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವಾಯಿತು. ಕುಂತಿಪ್ಪುಳ ಇಂದಿಗೂ ತಡೆಯಿಲ್ಲದೆ ಹರಿಯುತ್ತಿದೆ.

ನಮ್ಮ ಗುಡ್ಡೆಯ ಪಾಠ

ಪಾಲಕ್ಕಾಡಿನ ಕಾಡು ನಮಗೆ ದೂರ ಎನಿಸಬಹುದು. ಹಾಗಾದರೆ ನಮ್ಮ ಕಾಸರಗೋಡಿಗೇ ಬನ್ನಿ. ಇಲ್ಲಿಯ ಗೇರುಗುಡ್ಡೆಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಗೇರಿನ ಚಿಗುರನ್ನೂ ಹೂವನ್ನೂ ಕೆಡಿಸುವ ಒಂದು ಕೀಟವನ್ನು ಕೊಲ್ಲುವುದಷ್ಟೇ ಉದ್ದೇಶ. ಆದರೆ ಆಕಾಶದಿಂದ ಬಿದ್ದ ವಿಷಕ್ಕೆ ಕೀಟ ಯಾವುದು, ಜೇನು ಯಾವುದು, ಮಗು ಯಾವುದು ಎಂದು ತಿಳಿಯುವುದೇ? ಜೇನು, ಚಿಟ್ಟೆ, ಕಪ್ಪೆಗಳು ಕಡಿಮೆಯಾದುದನ್ನು ಊರವರು ಕಂಡರು. ಎಷ್ಟೋ ಕುಟುಂಬಗಳು ಅದರ ನೋವನ್ನು ಇಂದಿಗೂ ಅನುಭವಿಸುತ್ತಿವೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಈ ವಿಷವನ್ನು ನಿಷೇಧಿಸಿತು.

ಹುಳಗಳು ಮೌನವಾದರೆ ಅದು ನಮಗೆ ಎಚ್ಚರಿಕೆ. ಇಂದು ಸಂಜೆ ಅಂಗಳದಲ್ಲಿ ನಿಂತು ಆಲಿಸಿರಿ. ಜೀರುಂಡೆ ಹಾಡುತ್ತಿದೆಯೇ? ಹಾಡುತ್ತಿದ್ದರೆ ಸಂತೋಷಪಡಿರಿ. ನಿಮ್ಮ ಊರಿನ ನಾಗಬನದಲ್ಲೋ ತೋಡಿನ ಬದಿಯಲ್ಲೋ ಮಳೆಕಾಡಿನ ಒಂದು ಚೂರು ಇನ್ನೂ ಉಳಿದಿದೆ. ಅದನ್ನು ಉಳಿಸಿಕೊಳ್ಳುವ ಸರದಿ ಈಗ ನಿಮ್ಮದು.

ಪದಗಳ ಅರ್ಥ

ನಿತ್ಯಹರಿದ್ವರ್ಣ – ಯಾವಾಗಲೂ ಹಸಿರಾಗಿರುವ
ಪರಾಗ – ಹೂವಿನ ಹುಡಿ
ಪತಂಗ – ಹೆಚ್ಚಾಗಿ ರಾತ್ರಿ ಹಾರುವ, ಚಿಟ್ಟೆಯಂತಹ ಕೀಟ
ಗೆಣ್ಣು – ಕೊಂಬೆಯಲ್ಲಿ ಎಲೆ ಹುಟ್ಟುವ ಗಂಟು
ಬೆಡಿ – ಸಿಡಿಮದ್ದು

ಅಭ್ಯಾಸ

ಉತ್ತರಿಸಿರಿ
1. ಸೈಲೆಂಟ್ ವ್ಯಾಲಿಗೆ ಆ ಹೆಸರು ಬಂದ ಬಗ್ಗೆ ಹೇಳುವ ಎರಡು ಕಥೆಗಳು ಯಾವುವು?
2. ಅತ್ತಿಯ ಮರಕ್ಕೂ ಕಣಜಕ್ಕೂ ಇರುವ ನಂಟನ್ನು ನಿಮ್ಮ ಮಾತಿನಲ್ಲಿ ವಿವರಿಸಿರಿ.
3. ಬೀಜ ತಿನ್ನುವ ಹುಳಗಳು ಕಾಡಿಗೆ ಹೇಗೆ ಉಪಕಾರ ಮಾಡುತ್ತವೆ?

ಹೊಂದಿಸಿ ಬರೆಯಿರಿ
ಗರುಡಶಲಭ – ಜುಮ್ಮನ ಮರ
ಬುದ್ಧಮಯೂರಿ – ವೆಡಿಪ್ಲಾವು
ಸಿಂಗಳೀಕ – ಈಶ್ವರಬಳ್ಳಿ

ಚರ್ಚಿಸಿರಿ
ತರಗತಿಯಲ್ಲಿ ಎರಡು ಗುಂಪುಗಳಾಗಿರಿ. ಒಂದು ಗುಂಪು ಅಣೆಕಟ್ಟು ಬೇಕು ಎಂದೂ ಇನ್ನೊಂದು ಗುಂಪು ಬೇಡ ಎಂದೂ ವಾದಿಸಲಿ. ಬಳಿಕ ಎಲ್ಲರೂ ಸೇರಿ ತೀರ್ಮಾನವನ್ನು ಬರೆಯಿರಿ.

ಚಟುವಟಿಕೆ
ಶಾಲೆಯ ಬಳಿಯ ಒಂದು ಮರವನ್ನು ಆರಿಸಿಕೊಳ್ಳಿರಿ. ಒಂದು ವಾರ ದಿನವೂ ಹತ್ತು ನಿಮಿಷ ಅದನ್ನು ನೋಡಿ, ಅಲ್ಲಿಗೆ ಬಂದ ಹುಳಗಳನ್ನು ಪಟ್ಟಿಮಾಡಿರಿ. ಹೆಸರು ತಿಳಿಯದಿದ್ದರೆ ಚಿತ್ರ ಬಿಡಿಸಿರಿ. ಮನೆಯ ಹಿರಿಯರಲ್ಲಿ ಕೇಳಿ, ಕನ್ನಡ, ತುಳು, ಮಲೆಯಾಳ ಹೆಸರುಗಳನ್ನು ಪಕ್ಕದಲ್ಲಿ ಬರೆಯಿರಿ. ಯಾವ ಹುಳವನ್ನೂ ಹಿಡಿಯಬೇಡಿರಿ, ಕೊಲ್ಲಬೇಡಿರಿ.