ಸಾರಥಿಯ ಸಾರಥಿಗೊಂದು ಸಿನಿಮಾ

ಡೊಂಬಿವಲಿ, ಕಲ್ಯಾಣದ ಕನ್ನಡ ಮನೆಗಳ ಹುಡುಗರಿಗೆ ಬ್ಯಾಟ್‌ಮ್ಯಾನ್‌ನ ಮನೆವಾರ್ತೆ ನೋಡಿಕೊಳ್ಳುವ ಆಲ್‌ಫ್ರೆಡ್ ಗೊತ್ತು. ಅವನೊಬ್ಬನನ್ನೇ ಹಿಡಿದುಕೊಂಡು 2019ರಲ್ಲಿ ‘ಪೆನಿವರ್ತ್’ ಎಂಬ ಸರಣಿ ಬಂದದ್ದೂ ಗೊತ್ತು. ಅರ್ಜುನನ ಸಾರಥಿ ಯಾರೆಂದರೆ ಕೃಷ್ಣ ಎನ್ನುತ್ತಾರೆ. ಹಾಗಾದರೆ ಕೃಷ್ಣನ ಸಾರಥಿ ಯಾರು ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವನ ಹೆಸರು ದಾರುಕ. ಥಾಣೆಯಿಂದ ನವಿ ಮುಂಬಯಿವರೆಗೆ ಕ್ಯಾಮೆರಾ, ಎಡಿಟಿಂಗ್ ಕಲಿತ ನಮ್ಮ ಮಕ್ಕಳಲ್ಲಿ ಯಾರಾದರೊಬ್ಬರು ಅವನ ಸಿನಿಮಾ ಮಾಡಲಿ ಎಂಬ ಆಸೆಯಿಂದ ಈ ಸೂತ್ರಗಳನ್ನು ಬರೆಯುತ್ತಿದ್ದೇನೆ.

1. ಅವನ ಕೈಗೆ ಕತ್ತಿ ಕೊಡಬೇಡಿ

ಮೂಲೆಯಲ್ಲಿದ್ದವನನ್ನು ನಡುವೆ ತಂದು ನಿಲ್ಲಿಸುವುದು ನಮ್ಮಲ್ಲಿ ಹೊಸತಲ್ಲ. ಪಂಪ ಅರ್ಜುನನನ್ನು ನಾಯಕ ಮಾಡಿದ ಮೇಲೆ ರನ್ನ ಭೀಮನನ್ನು ಮುಂದೆ ತಂದ. ಭೈರಪ್ಪನವರ ‘ಪರ್ವ’ (1979) ಸಾತ್ಯಕಿಯ ಮನಸ್ಸಿನೊಳಗೂ ಇಳಿಯಿತು. ಆದರೆ ಅವರೆಲ್ಲ ಕ್ಷತ್ರಿಯರು, ಹೊಡೆದಾಡಬಲ್ಲವರು. ದಾರುಕ ಸೂತ, ಎಂದರೆ ರಥ ಹೊಡೆಯುವ ಕುಲದವನು. ಅವನಿಗೊಂದು ಫೈಟ್ ಸೀನ್ ಕೊಟ್ಟ ಕ್ಷಣಕ್ಕೆ ಅವನು ಇನ್ನೊಬ್ಬ ಅರ್ಜುನನಾಗಿಬಿಡುತ್ತಾನೆ, ಅದೂ ಎರಡನೇ ದರ್ಜೆಯ ಅರ್ಜುನ. ಕೈಯಲ್ಲಿ ವಾಘೆ ಮಾತ್ರ ಇರಲಿ.

2. ಕಥೆಯ ನಡುಭಾಗಕ್ಕೆ ಒಂದು ರಾತ್ರಿ, ಒಂದು ಹಗಲು ಸಾಕು

ಹುಟ್ಟಿನಿಂದ ಸಾವಿನವರೆಗೆ ಹೇಳಲು ಹೋಗಬೇಡಿ. ದ್ರೋಣಪರ್ವ ತೆರೆಯಿರಿ. ಅಭಿಮನ್ಯು ಸತ್ತಿದ್ದಾನೆ. ನಾಳೆ ಸೂರ್ಯ ಮುಳುಗುವುದರೊಳಗೆ ಜಯದ್ರಥನನ್ನು ಕೊಲ್ಲುತ್ತೇನೆ, ಇಲ್ಲವಾದರೆ ಬೆಂಕಿಗೆ ಬೀಳುತ್ತೇನೆ ಎಂದು ಅರ್ಜುನ ಶಪಥ ಮಾಡಿದ್ದಾನೆ. ನಡುರಾತ್ರಿ ಕೃಷ್ಣನಿಗೆ ನಿದ್ದೆ ಬಾರದು. ಅವನು ಮಾತಾಡುವುದು ದಾರುಕನ ಜೊತೆಗೆ. ಅರ್ಜುನನಿಲ್ಲದ ಲೋಕ ತನಗೆ ಬೇಡ ಎಂದು ಮನಸ್ಸು ಬಿಚ್ಚುತ್ತಾನೆ. ನನ್ನ ರಥ ಸಜ್ಜು ಮಾಡಿಡು, ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ನಾಲ್ಕನ್ನೂ ಹೂಡು, ಪಾಂಚಜನ್ಯ ಋಷಭ ಸ್ವರದಲ್ಲಿ ಕೇಳಿದರೆ ಓಡಿ ಬಾ ಎನ್ನುತ್ತಾನೆ.

ಮರುದಿನವಿಡೀ ದಾರುಕ ಕಿವಿ ನೆಟ್ಟು ಕೂತಿರುತ್ತಾನೆ. ಕೊನೆಗೆ ಶಂಖ ಮೊಳಗುತ್ತದೆ, ರಥ ಹಾರಿಸಿಕೊಂಡು ಹೋಗುತ್ತಾನೆ. ಆದರೆ ಹತ್ತುವವನು ಕೃಷ್ಣನಲ್ಲ, ರಥ ಕಳೆದುಕೊಂಡು ನೆಲದಲ್ಲಿ ನಿಂತಿದ್ದ ಸಾತ್ಯಕಿ. ಎದುರಿಗೆ ಕರ್ಣ.

ಇಲ್ಲಿ ನಿಲ್ಲಿ. ಬದುಕಿಡೀ ‘ಸೂತಪುತ್ರ’ ಎಂದು ಹಂಗಿಸಿಕೊಂಡವನ ಮುಂದೆ ಒಬ್ಬ ನಿಜವಾದ ಸೂತ ವಾಘೆ ಹಿಡಿದು ಕೂತಿದ್ದಾನೆ. ತನ್ನ ಕುಲಕಸುಬು ಬೈಗುಳವಾಗಿ ಬಳಕೆಯಾದದ್ದು ದಾರುಕನ ಕಿವಿಗೆ ಎಷ್ಟು ಸಲ ಬಿದ್ದಿರಬಹುದು! ಆ ಹೊತ್ತು ಕರ್ಣನನ್ನು ಅವನು ಹೇಗೆ ನೋಡಿದ? ವ್ಯಾಸರು ಅದನ್ನು ಬರೆದಿಲ್ಲ. ನಿಮ್ಮ ಸಿನಿಮಾ ಆ ನೋಟದಲ್ಲಿದೆ.

3. ಮಗನನ್ನು ಮರೆಯಬೇಡಿ

ವನಪರ್ವದಲ್ಲಿ ಸಾಲ್ವರಾಜ ದ್ವಾರಕೆಗೆ ಮುತ್ತಿಗೆ ಹಾಕಿದಾಗ ಕೃಷ್ಣನ ಮಗ ಪ್ರದ್ಯುಮ್ನನ ರಥ ಹೊಡೆಯುವವನು ದಾರುಕನ ಮಗ. ಏಟು ತಿಂದು ಪ್ರದ್ಯುಮ್ನ ಮೂರ್ಛೆ ಹೋಗುತ್ತಾನೆ. ಹುಡುಗ ರಥವನ್ನು ರಣದಿಂದ ಆಚೆಗೆ ತಂದು ಅವನನ್ನು ಉಳಿಸುತ್ತಾನೆ. ಎಚ್ಚರವಾದವನು ನನ್ನ ಮಾನ ಕಳೆದೆ ಎಂದು ರೇಗುತ್ತಾನೆ. ರಥಿಕ ಬಿದ್ದಾಗ ಕಾಯುವುದು ಸಾರಥಿಯ ಧರ್ಮ ಎಂದು ಹುಡುಗ ಉತ್ತರ ಕೊಡುತ್ತಾನೆ. ಮುಂದೆ ಅದೇ ಸಾಲ್ವನೊಡನೆ ಕೃಷ್ಣ ಕಾದುವಾಗ ದಾರುಕನ ಮೈಯೆಲ್ಲ ಬಾಣ. ನಿಲ್ಲಬೇಕಾದ್ದರಿಂದ ನಿಂತಿದ್ದೇನೆ ಎನ್ನುತ್ತಾನೆ ಅಪ್ಪ. ಒಂದೇ ಕಸುಬು, ಎರಡು ತಲೆಮಾರು. ಆ ಕಾಳಗ ಮುಗಿದ ಮೇಲಿನ ಒಂದು ರಾತ್ರಿ ಅಪ್ಪ ಮಗ ಒಟ್ಟಿಗೆ ಕೂತು ಊಟ ಮಾಡುವ ದೃಶ್ಯ ಬರೆಯಿರಿ.

4. ಕಾಯುವವರನ್ನು ನೋಡಿ ಬನ್ನಿ

ಮಹಾಪೆ, ಐರೋಲಿಯ ಆಫೀಸುಗಳ ಹೊರಗೆ ರಾತ್ರಿ ಹನ್ನೊಂದಕ್ಕೆ ಹೋಗಿ. ಸೀಟು ಹಿಂದಕ್ಕೆ ಬಾಗಿಸಿ ಮಲಗಿದ ಡ್ರೈವರುಗಳ ಒಂದು ಕೈ ಫೋನಿನ ಮೇಲೆಯೇ ಇರುತ್ತದೆ. ಅದು ರಿಂಗಾದರೆ ಅರೆಕ್ಷಣದಲ್ಲಿ ಗಾಡಿ ಸ್ಟಾರ್ಟ್. ಪಾಂಚಜನ್ಯಕ್ಕೆ ಕಾದವನೂ ಇವರಂತೆಯೇ ಕೂತಿದ್ದ. ನಿಮ್ಮ ನಟ ಒಂದು ವಾರ ಇವರ ಜೊತೆ ಚಹಾ ಕುಡಿಯಲಿ. ಯಾರಿಗಾಗಿ ಕಾಯುತ್ತಿದ್ದೀರಿ ಎಂದು ಮಾತ್ರವಲ್ಲ, ಕಾಯುವಾಗ ಏನು ಯೋಚಿಸುತ್ತೀರಿ ಎಂದೂ ಕೇಳಲಿ. ಕುದುರೆಯ ಒಡನಾಟಕ್ಕೆ ನೇರಳದಿಂದ ಮಾಥೇರಾನ್ ಹತ್ತಬಹುದು. ಅಲ್ಲಿ ಖಾಸಗಿ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲ, ಕುದುರೆ ನಡೆಸುವವರೂ ಊರಿಗೆ ಆಧಾರ.

5. ಕ್ಯಾಮೆರಾಕ್ಕಿಂತ ಮೊದಲು ತಾಳಮದ್ದಲೆ

ಇದು ನಮಗೆ ಮಾತ್ರ ಸಿಕ್ಕಿರುವ ಅನುಕೂಲ. ಕರಾವಳಿಯಿಂದ ಬಂದವರು ಈ ಊರುಗಳಿಗೆ ಯಕ್ಷಗಾನವನ್ನೂ ಹೊತ್ತು ತಂದರು. ಅದರ ಮಾತಿನ ರೂಪವಾದ ತಾಳಮದ್ದಲೆಗೆ ವೇಷ ಬೇಡ, ಸೆಟ್ ಬೇಡ. ಒಬ್ಬ ಭಾಗವತರು, ಚೆಂಡೆ, ಮದ್ದಳೆ, ಇಬ್ಬರು ಅರ್ಥಧಾರಿಗಳು ಇದ್ದರೆ ಸಾಕು. ನಡುರಾತ್ರಿಯ ಕೃಷ್ಣ–ದಾರುಕ ಸಂವಾದವನ್ನು ಅವರ ಕೈಗೆ ಕೊಡಿ. ರಂಗಸ್ಥಳದಲ್ಲಿ ಸಾರಥಿ, ದೂತರ ಪಾತ್ರ ಸಾಮಾನ್ಯವಾಗಿ ಹಾಸ್ಯಗಾರರ ಪಾಲಿಗೆ ಬರುತ್ತದೆ. ಒಳ್ಳೆಯ ಹಾಸ್ಯಗಾರರು ನಗಿಸುತ್ತಲೇ ದೊರೆಗೆ ಸತ್ಯ ಹೇಳುತ್ತಾರೆ. ಅವರನ್ನೇ ದಾರುಕನ ಸ್ಥಾನದಲ್ಲಿ ಕೂರಿಸಿ, ಒಂದು ಗಂಟೆ ಮಾತು ಬೆಳೆಯಲು ಬಿಡಿ, ರೆಕಾರ್ಡ್ ಮಾಡಿಕೊಳ್ಳಿ. ಸ್ಕ್ರಿಪ್ಟಿನ ಎಷ್ಟೋ ಸಾಲುಗಳು ಅಲ್ಲೇ ಸಿಗುತ್ತವೆ.

6. ಲೊಕೇಶನ್ನಿಗೆ ಗುಜರಾತಿಗೆ ಹೋಗಬೇಕಿಲ್ಲ

ಖಾರ್‌ಘರ್‌ನ ಜಲಪಾತದ ಹೆಸರೇ ಪಾಂಡವಕಡಾ. ಮಳೆಗಾಲದಲ್ಲಿ ಅಲ್ಲಿ ಜೀವಗಳು ಹೋಗಿವೆ, ಆಗ ಬೇಡವೇ ಬೇಡ. ಕಲ್ಯಾಣದಾಚೆ ಅಂಬರನಾಥದ ಶಿಲಾಹಾರರ ಕಾಲದ ಶಿವಾಲಯದ ಶಾಸನ 1060ನೇ ಇಸವಿಯದು. ಊರವರ ಬಾಯಲ್ಲಿ ಮಾತ್ರ ಅದು ಪಾಂಡವರು ಕಟ್ಟಿದ ಗುಡಿ. ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಯುದ್ಧ ತೋರಿಸಲು ದುಡ್ಡಿಲ್ಲ ಎಂಬ ಚಿಂತೆ ಬೇಡ. ದಾರುಕನೂ ಅದನ್ನು ಬಹುಪಾಲು ದೂರದಿಂದ ಕೇಳಿದ್ದು. ಧೂಳು ಮತ್ತು ಸದ್ದು ಸಾಕು.

7. ಕೊನೆಯನ್ನು ನೀರಿನ ಅಂಚಿನಲ್ಲಿಡಿ

ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ. ಉಳಿದುದನ್ನು ಪೂರೈಸಿದವನು ತಿಮ್ಮಣ್ಣ ಕವಿ. ಹಾಗಾಗಿ ಗಮಕ ಕೇಳಿ ಬೆಳೆದವರಿಗೂ ಮೌಸಲಪರ್ವದ ದಾರುಕನ ಪರಿಚಯ ಕಡಿಮೆ. ಯಾದವರ ಅಳಿವಿನ ಹೊತ್ತು ಹತ್ತಿರವಾದಾಗ ಆ ನಾಲ್ಕು ಕುದುರೆಗಳು ದಾರುಕನ ಕಣ್ಣೆದುರೇ ರಥವನ್ನು ಎಳೆದುಕೊಂಡು ಸಮುದ್ರದ ಮೇಲೆ ಓಡಿಹೋಗುತ್ತವೆ. ಭಾಗವತದಲ್ಲಿ ರಥ ಆಕಾಶಕ್ಕೆ ಏರುತ್ತದೆ. ನೀವು ಸಮುದ್ರವನ್ನೇ ಆರಿಸಿಕೊಳ್ಳಿ. ಇಳಿತದ ಹೊತ್ತು ಥಾಣೆ ಖಾಡಿಯ ಕೆಸರು, ಕಾಂಡ್ಲಾ ಗಿಡಗಳು, ದೂರದಲ್ಲಿ ಫ್ಲೆಮಿಂಗೊಗಳ ಗುಲಾಬಿ ಗೆರೆ, ಇಷ್ಟಿದ್ದರೆ ಸಾಕು. ಹಿನ್ನೆಲೆ ಸಂಗೀತ ಬೇಡ, ಗೊರಸಿನ ಸದ್ದು ಮಾತ್ರ ದೂರವಾಗುತ್ತ ಹೋಗಲಿ.

ಆಮೇಲೆ ಕೃಷ್ಣ ಅವನಿಗೆ ಕೊನೆಯ ಕೆಲಸ ಹೇಳುತ್ತಾನೆ: ಹಸ್ತಿನಾವತಿಗೆ ಹೋಗಿ ಅರ್ಜುನನನ್ನು ಕರೆದು ತಾ. ದಾರುಕ ಹೋಗುತ್ತಾನೆ. ಅರಮನೆಯ ಬಾಗಿಲು ತೆರೆಯುತ್ತದೆ, ಅರ್ಜುನ ತಲೆ ಎತ್ತಿ ನೋಡುತ್ತಾನೆ. ದಾರುಕ ಬಾಯಿ ತೆರೆಯುವ ಮೊದಲೇ ಕಟ್ ಹೇಳಿ.